ಮಂಗಳೂರು–ಬಾಗ್ಡೋಗ್ರಾ: ದೂರ ಹೇಳುವ ವೆಬ್‌ಸೈಟ್‌ಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಹೇಳುವ ವೆಬ್‌ಸೈಟ್‌ಗಳು ಹತ್ತಾರಿವೆ. ಸಿಕ್ಕಿಂಗೆ, ಡಾರ್ಜಿಲಿಂಗಿಗೆ ಹೊರಟವರು, ಉತ್ತರ ಬಂಗಾಳದ ಸೇನಾ ನೆಲೆಗಳಿಂದ ರಜೆಗೆ ಊರಿಗೆ ಬರುವವರು ಮೊದಲು ನೋಡುವುದು ಇವನ್ನೇ. ಇವು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಒರೆಗೆ ಹಚ್ಚಲು ಮಂಗಳೂರು–ಬಾಗ್ಡೋಗ್ರಾ ಒಳ್ಳೆಯ ಜೋಡಿ. ಎರಡೂ ಮಹಾನಗರದ ನಿಲ್ದಾಣಗಳಲ್ಲ, ಒಂದು ಪಶ್ಚಿಮ ಕರಾವಳಿಯಲ್ಲಿ, ಇನ್ನೊಂದು ಹಿಮಾಲಯದ ಬುಡದಲ್ಲಿ, ಪಶ್ಚಿಮ ಬಂಗಾಳದ ಸಿಲಿಗುರಿ ಹತ್ತಿರ. ನೇರ ವಿಮಾನವಂತೂ ಇಲ್ಲ.

ಇಂಥ ಪುಟಗಳು ಕೊಡುವ ಉತ್ತರ ಹೆಚ್ಚುಕಮ್ಮಿ ಹೀಗಿರುತ್ತದೆ: 2071 ಕಿ.ಮೀ., 1287 ಮೈಲಿ, 1118 ನಾಟಿಕಲ್ ಮೈಲಿ, ಹಾರಾಟದ ಸಮಯ 3 ಗಂಟೆ 5 ನಿಮಿಷ. ದೂರದ ಲೆಕ್ಕ ಕಣ್ಣುಮುಚ್ಚಿ ಒಪ್ಪಬಹುದು. ಸಮಯದ ಲೆಕ್ಕವನ್ನು ಮಾತ್ರ ಪ್ರಯಾಣದ ಯೋಜನೆಗೆ ಬಳಸಲೇಬಾರದು. ಮನೆ ಬಿಟ್ಟು ಬಾಗ್ಡೋಗ್ರಾದಲ್ಲಿ ಬ್ಯಾಗ್ ಕೈಗೆ ಬರುವಷ್ಟರಲ್ಲಿ ಒಂಬತ್ತು ಗಂಟೆ ಕಳೆದಿರುತ್ತದೆ.

ಮೊದಲು ದೂರದ ವಿಷಯ. ಇವೆಲ್ಲ ಅಳೆಯುವುದು ಭೂಗೋಳದ ಮೈಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ಗೆರೆಯನ್ನು, ಅಂದರೆ ಮಹಾವೃತ್ತದ ದೂರವನ್ನು. ಮಂಗಳೂರು ನಿಲ್ದಾಣ 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವದಲ್ಲಿದೆ, ಬಾಗ್ಡೋಗ್ರಾ 26.68 ಉತ್ತರ, 88.33 ಪೂರ್ವ. ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಉರುಟು ಚೆಂಡು ಎಂದುಕೊಂಡು ಲೆಕ್ಕ ಹಾಕಿದರೆ 2071 ಬರುತ್ತದೆ. ಧ್ರುವಗಳಲ್ಲಿ ಭೂಮಿ ಚಪ್ಪಟೆಯಾಗಿರುವುದನ್ನು ಹಿಡಿದು ಲೆಕ್ಕ ಹಾಕಿದರೆ ಸುಮಾರು 2068. ಎರಡು ವೆಬ್‌ಸೈಟ್‌ಗಳಲ್ಲಿ ಮೂರು ಕಿಲೋಮೀಟರ್ ವ್ಯತ್ಯಾಸ ಕಂಡರೆ ಯಾವುದೋ ಒಂದು ಸುಳ್ಳು ಎಂದುಕೊಳ್ಳಬೇಡಿ, ಕಾರಣ ಇಷ್ಟೇ. ಆದರೆ ವ್ಯತ್ಯಾಸ ಹತ್ತಿಪ್ಪತ್ತು ಕಿಲೋಮೀಟರ್ ದಾಟಿದರೆ ಅದು ನಿಲ್ದಾಣದ ಬದಲು ಊರಿನ ನಡುಮಧ್ಯದಿಂದ ಅಳೆಯುತ್ತಿದೆ ಎಂದರ್ಥ. ಕೆಂಜಾರಿನ ನಿಲ್ದಾಣ ಮಂಗಳೂರು ಪೇಟೆಯಿಂದ ಸುಮಾರು 13 ಕಿ.ಮೀ. ಆಚೆಗಿದೆ, ಬಾಗ್ಡೋಗ್ರಾವೂ ಸಿಲಿಗುರಿಯಿಂದ ಹೆಚ್ಚುಕಮ್ಮಿ ಅಷ್ಟೇ ದೂರ.

ಹೆಸರಿನ ಗೊಂದಲ ಇದಕ್ಕಿಂತ ದೊಡ್ಡ ತೊಂದರೆ. ಇಂಗ್ಲಿಷಿನಲ್ಲಿ ಹಳೆಯ ಹೆಸರು ಮ್ಯಾಂಗಲೋರ್ ಎಂದು ಕೊಟ್ಟರೆ ಕೆಲವು ಕಡೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ಅದೇ ಹೆಸರಿನ ಸಣ್ಣ ನಿಲ್ದಾಣವೂ ಪಟ್ಟಿಯಲ್ಲಿ ಬರುತ್ತದೆ. ಸಂಕೇತಾಕ್ಷರಗಳಲ್ಲೂ ಎಡವುವುದು ಸುಲಭ. ಮಂಗಳೂರು ಐಎಕ್ಸ್‌ಇ, ಬಾಗ್ಡೋಗ್ರಾ ಐಎಕ್ಸ್‌ಬಿ. ಕೊನೆಯ ಅಕ್ಷರ ಬಿ ಆದ್ದರಿಂದ ಬೆಳಗಾವಿ ಎಂದು ತಿಳಿಯುವವರುಂಟು, ಬೆಳಗಾವಿಯದು ಐಎಕ್ಸ್‌ಜಿ. ಮದುರೈ, ರಾಂಚಿ, ಚಂಡೀಗಢಗಳೂ ಐಎಕ್ಸ್ ಎಂದೇ ಶುರುವಾಗುತ್ತವೆ. ಟಿಕೆಟ್ ಬುಕ್ ಮಾಡುವಾಗ ಈ ಮೂರನೆಯ ಅಕ್ಷರವನ್ನು ಎರಡು ಸಲ ನೋಡಿ. ಸಂದೇಹ ಬಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಾಲ್ಕಕ್ಷರದ ಸಂಕೇತ ಹಾಕಿ: ಮಂಗಳೂರಿಗೆ ವಿಒಎಂಎಲ್, ಬಾಗ್ಡೋಗ್ರಾಕ್ಕೆ ವಿಇಬಿಡಿ. ವಿಒ ಎಂದರೆ ದಕ್ಷಿಣ ಭಾರತ, ವಿಇ ಎಂದರೆ ಪೂರ್ವ ಭಾರತ. ಹಾಗಾಗಿ ಇಲ್ಲಿ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ದೂರಕ್ಕೆ ನಮ್ಮ ಆಯ್ಕೆ ಗ್ರೇಟ್ ಸರ್ಕಲ್ ಮ್ಯಾಪರ್. ನೋಡಲು ಹಳೆಯ ಕಾಲದ ಪುಟ, ಕನ್ನಡವಿಲ್ಲ, ಫೋನಿನ ಪರದೆಗೆ ಅಷ್ಟಾಗಿ ಹೊಂದುವುದಿಲ್ಲ. ಆದರೆ ಕೆಲಸ ಅಚ್ಚುಕಟ್ಟು. ಎರಡು ಸಂಕೇತಗಳ ನಡುವೆ ಅಡ್ಡಗೆರೆ ಹಾಕಿದರೆ ಒಂದು ಹಾದಿ. ಮೂರು ಸಂಕೇತಗಳನ್ನು ಅಡ್ಡಗೆರೆಯಿಂದ ಜೋಡಿಸಿದರೆ ನಡುವೆ ಇಳಿದು ಹೋಗುವ ಹಾದಿ, ಪ್ರತಿ ತುಂಡಿನ ದೂರವೂ ಒಟ್ಟು ದೂರವೂ ಬೇರೆಬೇರೆಯಾಗಿ ಸಿಗುತ್ತವೆ. ಅಲ್ಪವಿರಾಮ ಹಾಕಿ ಇನ್ನೊಂದು ಹಾದಿ ಬರೆದರೆ ಎರಡೂ ಒಂದೇ ನಕ್ಷೆಯ ಮೇಲೆ ಬೀಳುತ್ತವೆ. ಮೈಲಿಯಲ್ಲಿ ತೋರಿಸುತ್ತಿದ್ದರೆ ಕಿಲೋಮೀಟರಿಗೆ ಬದಲಿಸಿಕೊಳ್ಳಬೇಕು, ಇದನ್ನು ಮರೆತು 1287 ಅನ್ನೇ ಕಿಲೋಮೀಟರ್ ಎಂದು ಓದುವ ತಪ್ಪು ಬಹಳ ಸಾಮಾನ್ಯ. ಉತ್ತರವನ್ನು ಸೊನ್ನೆ ಎಂದಿಟ್ಟು, ಹೊರಡುವ ದಿಕ್ಕನ್ನೂ ಡಿಗ್ರಿಯಲ್ಲಿ ಕೊಡುತ್ತದೆ. ನಮ್ಮ ಹಾದಿ ಮಂಗಳೂರಿನಲ್ಲಿ ಸುಮಾರು 41 ಡಿಗ್ರಿಯಲ್ಲಿ ಶುರುವಾಗಿ ಬಾಗ್ಡೋಗ್ರಾ ಮುಟ್ಟುವಾಗ 45 ಡಿಗ್ರಿಗೆ ಬಂದಿರುತ್ತದೆ, ಅಂದರೆ ಸರಿಯಾಗಿ ಈಶಾನ್ಯಕ್ಕೆ. ನಟ್ಟನಡುವಿನ ಬಿಂದು ಛತ್ತೀಸ್‌ಗಢದ ಬಸ್ತರ್ ಸೀಮೆಯ ಮೇಲೆ ಬೀಳುತ್ತದೆ.

ಮೂರು ಸಂಕೇತ ಜೋಡಿಸುವ ಸೌಲಭ್ಯವನ್ನು ನಿಜಕ್ಕೂ ಬಳಸಬೇಕಾದದ್ದು ಎಲ್ಲಿ ಇಳಿದು ಹೋಗುವುದು ಎಂದು ತೀರ್ಮಾನಿಸಲು. ಮಂಗಳೂರಿನಿಂದ ಬೆಂಗಳೂರು 306 ಕಿ.ಮೀ., ಅಲ್ಲಿಂದ ಬಾಗ್ಡೋಗ್ರಾ 1863, ಒಟ್ಟು 2169. ನೇರ ಗೆರೆಗಿಂತ ನೂರು ಕಿಲೋಮೀಟರಿಗೂ ಕಮ್ಮಿ ಸುತ್ತು. ಮುಂಬೈ ಮೂಲಕವಾದರೆ 715 ಮತ್ತು 1793, ಒಟ್ಟು 2508. ಸುತ್ತು 437 ಕಿ.ಮೀ. ದೆಹಲಿ ಮೂಲಕ 1750 ಮತ್ತು 1125, ಒಟ್ಟು 2875. ಸುತ್ತು ಎಂಟುನೂರು ದಾಟುತ್ತದೆ. ಟಿಕೆಟ್ ಹುಡುಕುವ ಆ್ಯಪ್‌ಗಳು ದರದ ಪ್ರಕಾರ ಜೋಡಿಸುವುದರಿಂದ ಮುಂಬೈ, ದೆಹಲಿ ಹಾದಿಗಳೂ ಪಟ್ಟಿಯ ಮೇಲ್ಭಾಗದಲ್ಲಿ ಕಾಣುತ್ತವೆ. ನಕ್ಷೆ ಮೇಲೆ ಒಮ್ಮೆ ಎಳೆದು ನೋಡಿದವರು ಆ ಬಲೆಗೆ ಬೀಳುವುದಿಲ್ಲ.

ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಮಂಗಳೂರು–ಬಾಗ್ಡೋಗ್ರಾ ಗೆರೆಯ ಮೇಲೇ ಕೂತಿದೆ. ಮಂಗಳೂರು–ಹೈದರಾಬಾದ್ 609, ಹೈದರಾಬಾದ್–ಬಾಗ್ಡೋಗ್ರಾ 1463, ಒಟ್ಟು 2072. ಸುತ್ತು ಒಂದೇ ಒಂದು ಕಿಲೋಮೀಟರ್! ಹಾಗಾದರೆ ಹೈದರಾಬಾದ್ ಮೂಲಕ ಹೋಗುವುದೇ ಬೇಗವೇ? ಎಲ್ಲ ಸಲವೂ ಅಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಸಮಯದ ಲೆಕ್ಕಕ್ಕೆ ಬರಬೇಕು.

ದೂರ ಹೇಳುವ ಪುಟಗಳಲ್ಲಿ ಸಮಯ ಎಲ್ಲಿಂದ ಬರುತ್ತದೆ ಎಂದರೆ, ದೂರವನ್ನು ಒಂದು ಸರಾಸರಿ ವೇಗದಿಂದ ಭಾಗಿಸುತ್ತಾರೆ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತಾರೆ. ಗಂಟೆಗೆ 800 ಕಿ.ಮೀ. ಹಿಡಿದರೆ 2071 ಕ್ಕೆ 2 ಗಂಟೆ 35 ನಿಮಿಷ, ಅರ್ಧ ಗಂಟೆ ಸೇರಿ 3 ಗಂಟೆ 5 ನಿಮಿಷ. ಇನ್ನೊಬ್ಬರು 900 ಹಿಡಿದು ಅರ್ಧ ಗಂಟೆ ಸೇರಿಸದೇ ಬಿಟ್ಟರೆ ಅದೇ ದೂರಕ್ಕೆ 2 ಗಂಟೆ 18 ನಿಮಿಷ. ಒಂದೇ ಹಾದಿಗೆ ಎರಡು ಪುಟಗಳಲ್ಲಿ ಮುಕ್ಕಾಲು ಗಂಟೆ ವ್ಯತ್ಯಾಸ ಕಾಣುವುದು ಇದರಿಂದ. ಯಾವ ವಿಮಾನ, ಯಾವ ತಿಂಗಳು, ಗಾಳಿ ಯಾವ ಕಡೆಯಿಂದ ಎಂಬುದೊಂದೂ ಆ ಲೆಕ್ಕದಲ್ಲಿಲ್ಲ. ನೇರ ವಿಮಾನವೇ ಇಲ್ಲದ ಹಾದಿಗೂ ಅದನ್ನು ತಿಳಿಸದೆ ಸಮಯ ಬರೆದುಬಿಡುವುದು ಈ ಪುಟಗಳ ಅತಿ ದೊಡ್ಡ ದೋಷ. ಮೂರು ಗಂಟೆಯನ್ನು ನಂಬಿ ಅದೇ ಸಂಜೆಗೆ ಗ್ಯಾಂಗ್‌ಟಾಕಿನಲ್ಲಿ ರೂಮು ಕಾದಿರಿಸಿದವರ ಗತಿ ಏನು? ಒಂದು ಸಾಲಿನ ಎಚ್ಚರಿಕೆ ಹಾಕಲು ಕಷ್ಟವೇನಿಲ್ಲ. ಹಾಕಬೇಕು.

800 ಎಂಬ ಅಂಕಿ ಜೆಟ್ ವಿಮಾನಕ್ಕೆ ಸರಿ. ಏರ್‌ಬಸ್ ಎ320 ಮ್ಯಾಕ್ 0.78 ರಲ್ಲಿ, ಅಂದರೆ ಶಬ್ದದ ವೇಗದ 0.78 ರಷ್ಟರಲ್ಲಿ ಹಾರುತ್ತದೆ, 35 ಸಾವಿರ ಅಡಿ ಎತ್ತರದಲ್ಲಿ ಅದು ಗಂಟೆಗೆ ಸುಮಾರು 830 ಕಿ.ಮೀ. ವಿಮಾನ ಗೆರೆ ಎಳೆದಂತೆ ನೇರ ಹಾರುವುದಿಲ್ಲ. ನಿಗದಿಯಾದ ವಾಯುಮಾರ್ಗ, ಸೇನೆಗೆ ಮೀಸಲಾದ ಆಕಾಶ, ಏರುವ ಮತ್ತು ಇಳಿಯುವ ಹಾದಿಗಳಿಂದ ದೂರ ಸ್ವಲ್ಪ ಬೆಳೆಯುತ್ತದೆ. ಅದನ್ನೂ ಸೇರಿಸಿಕೊಳ್ಳಲು 800 ಒಳ್ಳೆಯ ಸರಾಸರಿ. ಬೆಂಗಳೂರು–ಬಾಗ್ಡೋಗ್ರಾ 1863 ಕ್ಕೆ ಈ ಸೂತ್ರ 2 ಗಂಟೆ 50 ನಿಮಿಷ ಕೊಡುತ್ತದೆ. ವೇಳಾಪಟ್ಟಿಗಳಲ್ಲೂ ಸರಿಸುಮಾರು ಅಷ್ಟೇ ಇರುತ್ತದೆ.

ಸೂತ್ರ ಕೆಡುವುದು ಮಂಗಳೂರಿನ ತುಂಡಿನಲ್ಲಿ. ಮಂಗಳೂರು–ಬೆಂಗಳೂರು ನಡುವೆ ಎಟಿಆರ್ 72 ಹಾರುವುದು ಸಾಮಾನ್ಯ. ರೆಕ್ಕೆಗೆ ಪ್ರೊಪೆಲ್ಲರ್ ಇರುವ ಈ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. 306 ಕಿಲೋಮೀಟರಿಗೆ 37 ನಿಮಿಷ, ಅರ್ಧ ಗಂಟೆ ಸೇರಿ 1 ಗಂಟೆ 7 ನಿಮಿಷ. ಜೆಟ್ ಆದರೆ 53 ನಿಮಿಷ. ಇಷ್ಟು ಹತ್ತಿರದ ದೂರಕ್ಕೆ ಹದಿನಾಲ್ಕು ನಿಮಿಷ ಹೆಚ್ಚುಕಮ್ಮಿ ಅಷ್ಟೇ. ಆದರೆ ಹೈದರಾಬಾದಿನ 609 ಕಿಲೋಮೀಟರನ್ನು ಎಟಿಆರ್‌ನಲ್ಲಿ ಹೋದರೆ 1 ಗಂಟೆ 43 ನಿಮಿಷ, ಜೆಟ್‌ನಲ್ಲಿ 1 ಗಂಟೆ 16 ನಿಮಿಷ. ಈಗ ಕೂಡಿಸಿ ನೋಡಿ. ಎಟಿಆರ್ ಹತ್ತಿ ಬೆಂಗಳೂರು ಮೂಲಕ ಹೋದರೆ ಹಾರಾಟ 3 ಗಂಟೆ 57 ನಿಮಿಷ, ಹೈದರಾಬಾದ್ ಮೂಲಕ 4 ಗಂಟೆ 3 ನಿಮಿಷ. ಮೊದಲ ತುಂಡು ಜೆಟ್ ಆದರೆ ಲೆಕ್ಕ ತಿರುಗಿ ಬೆಂಗಳೂರು 3 ಗಂಟೆ 43, ಹೈದರಾಬಾದ್ 3 ಗಂಟೆ 36. ನೂರು ಕಿಲೋಮೀಟರ್ ಉಳಿಸಿದ ಹಾದಿ ಆರು ನಿಮಿಷ ತಡವೂ ಆಗಬಹುದು, ಏಳು ನಿಮಿಷ ಬೇಗವೂ ಆಗಬಹುದು. ಟಿಕೆಟಿನಲ್ಲಿ ವಿಮಾನದ ಮಾದರಿ ಎಟಿ7 ಎಂದಿದೆಯೋ 320 ಎಂದಿದೆಯೋ ನೋಡಿ ಲೆಕ್ಕ ಹಾಕಿ. ಹಾಗೆ ನೋಡಿದರೆ ಈ ಏಳೆಂಟು ನಿಮಿಷಕ್ಕಿಂತ ನಡುವೆ ಕಾಯುವ ಹೊತ್ತೇ ದೊಡ್ಡದು. ಯಾವ ಊರಿನಲ್ಲಿ ಎರಡು ವಿಮಾನಗಳ ನಡುವಿನ ಅಂತರ ಎರಡರಿಂದ ಮೂರು ಗಂಟೆಯೊಳಗೆ ಸಿಗುತ್ತದೋ ಆ ಊರನ್ನೇ ಆರಿಸಿ.

ಗಾಳಿಯ ಲೆಕ್ಕ ಚಳಿಗಾಲದಲ್ಲಿ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಬೀಸುತ್ತದೆ. ಬಾಗ್ಡೋಗ್ರಾಕ್ಕೆ ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದುರಿಗೆ. ಇಡೀ ಹಾದಿಗೆ ಸರಾಸರಿ ಗಂಟೆಗೆ 60 ಕಿ.ಮೀ. ಗಾಳಿ ಎಂದುಕೊಂಡರೂ ಬೆಂಗಳೂರು–ಬಾಗ್ಡೋಗ್ರಾ ನಡುವೆ ಹೋಗಲು 2 ಗಂಟೆ 10 ನಿಮಿಷ, ಬರಲು 2 ಗಂಟೆ 31 ನಿಮಿಷ, ಏರಿಳಿತದ ಅರ್ಧ ಗಂಟೆ ಬೇರೆ. ಬರುವಾಗಿನ ಕನೆಕ್ಷನ್‌ಗೆ ಹೋಗುವಾಗಿನದಕ್ಕಿಂತ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ. ದೂರ ಹೇಳುವ ಪುಟಗಳಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಸಮಯ ಬರೆದಿರುತ್ತದೆ.

ನಿಜವಾದ ಸಮಯ ಬೇಕಾದವರು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ನೋಡಬೇಕು. ವಿಮಾನದ ಸಂಖ್ಯೆ ಹಾಕಿದರೆ ಹಿಂದಿನ ಏಳು ದಿನ ಅದು ಎಷ್ಟಕ್ಕೆ ಮೇಲೇರಿತು, ಎಷ್ಟಕ್ಕೆ ಇಳಿಯಿತು ಎಂಬುದು ಹಣ ಕೊಡದೆಯೇ ಸಿಗುತ್ತದೆ. ಏಳು ದಿನದಲ್ಲಿ ಮೂರು ಸಲ ಮುಕ್ಕಾಲು ಗಂಟೆ ತಡವಾಗಿದ್ದರೆ ಅದನ್ನು ನಂಬಿ ಒಂದೂವರೆ ಗಂಟೆಯ ಕನೆಕ್ಷನ್ ಹಿಡಿಯಬೇಡಿ. ಅಲ್ಲಿ ಹಾರಾಟದ ಹೊತ್ತು ಎಂದು ತೋರಿಸುವುದು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ. ಟಿಕೆಟಿನ ಸಮಯ ಬ್ಲಾಕ್ ಟೈಮ್: ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಇನ್ನೊಂದು ಕಡೆ ನಿಲ್ಲುವವರೆಗೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇಗೆ ಉರುಳಿಕೊಂಡು ಹೋಗುವುದಕ್ಕೇ ಹತ್ತಿಪ್ಪತ್ತು ನಿಮಿಷ ಬೇಕಾಗುತ್ತದೆ. ಈ ಎರಡನ್ನು ಬೆರೆಸಿದರೆ ಲೆಕ್ಕ ತಪ್ಪುತ್ತದೆ.

ಬ್ಲಾಕ್ ಟೈಮ್ ತಿಳಿದಿರುವುದರಿಂದ ಇನ್ನೊಂದು ಪ್ರಯೋಜನವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಲ್ಲಿ ಪ್ರಯಾಣಿಕರ ಹಕ್ಕುಗಳನ್ನು ಅಳೆಯುವುದು ಇದರಿಂದಲೇ. ಎರಡೂವರೆ ಗಂಟೆವರೆಗಿನ ಬ್ಲಾಕ್ ಟೈಮ್ ಇರುವ ವಿಮಾನ ಎರಡು ಗಂಟೆ ತಡವಾದರೆ ತಿಂಡಿ, ಊಟ ಕೊಡಬೇಕು. ಎರಡೂವರೆಯಿಂದ ಐದು ಗಂಟೆಯದಕ್ಕೆ ಮೂರು ಗಂಟೆ ತಡವಾಗಬೇಕು. ಹಾಗಾಗಿ ಮಂಗಳೂರು–ಬೆಂಗಳೂರು ವಿಮಾನಕ್ಕೆ ಎರಡು ಗಂಟೆಯ ನಿಯಮ, ಬೆಂಗಳೂರು–ಬಾಗ್ಡೋಗ್ರಾ ವಿಮಾನಕ್ಕೆ ಮೂರು ಗಂಟೆಯದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ ಕೊಡುವ ಪರಿಹಾರವೂ ಹೀಗೇ: ಒಂದು ಗಂಟೆವರೆಗಿನದಕ್ಕೆ 5000 ರೂಪಾಯಿ, ಎರಡು ಗಂಟೆವರೆಗಿನದಕ್ಕೆ 7500, ಅದಕ್ಕಿಂತ ಹೆಚ್ಚಿನದಕ್ಕೆ 10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಮಂಜು, ಮಳೆಯಂಥ ಹವಾಮಾನದ ಕಾರಣಕ್ಕೆ ರದ್ದಾದರೆ ಈ ಪರಿಹಾರ ಸಿಗುವುದಿಲ್ಲ.

ಈ ಹಾದಿಯಲ್ಲಿ ಹವಾಮಾನದ ಕಾಟ ಮೂರು ಕಡೆಯೂ ಇದೆ. ಮಂಗಳೂರಿನ ಮುಖ್ಯ ರನ್‌ವೇ 2450 ಮೀಟರ್, ಗುಡ್ಡದ ತುದಿಯನ್ನು ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕೆಳಗಿಳಿದು ರನ್‌ವೇ ಕಾಣದಾದರೆ ವಿಮಾನಗಳು ಸುತ್ತು ಹೊಡೆಯುತ್ತವೆ, ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗುತ್ತವೆ. ನೀವು ಹತ್ತಬೇಕಾದ ವಿಮಾನವೇ ಬಂದಿಳಿಯದಿದ್ದರೆ ಕನೆಕ್ಷನ್ ಹೋದಂತೆಯೇ. ಬೆಂಗಳೂರಿನಲ್ಲಿ ನವೆಂಬರಿನಿಂದ ಜನವರಿವರೆಗೆ ನಸುಕಿನ ನಾಲ್ಕರಿಂದ ಎಂಟರವರೆಗೆ ಮಂಜು. ಬಾಗ್ಡೋಗ್ರಾದಲ್ಲಿ ಡಿಸೆಂಬರ್, ಜನವರಿಯ ಮಂಜು ಇನ್ನೂ ದಟ್ಟ, ಹೊತ್ತೇರಿದ ಮೇಲೆ ಕರಗುತ್ತದೆ. ಜನವರಿಯಲ್ಲಿ ಹೋಗುವವರು ಹನ್ನೊಂದರ ಮೇಲೆ ಬಾಗ್ಡೋಗ್ರಾ ಮುಟ್ಟುವ ವಿಮಾನ ಹಿಡಿಯುವುದು ಕ್ಷೇಮ. ತೀರಾ ಮಧ್ಯಾಹ್ನ ಮೀರಿದರೆ ಮುಂದೆ ಹೇಳುವ ಕಾರಣಕ್ಕೆ ತೊಂದರೆ.

ಎರಡು ತುಂಡುಗಳೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮಂಗಳೂರಿನಲ್ಲಿ ಕೊಟ್ಟ ಬ್ಯಾಗು ಬಾಗ್ಡೋಗ್ರಾದಲ್ಲೇ ಸಿಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು. ಚೆಕ್ ಇನ್ ಮಾಡುವಾಗ ಬ್ಯಾಗಿನ ಚೀಟಿಯ ಮೇಲೆ ಐಎಕ್ಸ್‌ಬಿ ಎಂದಿದೆಯೇ ನೋಡಿಕೊಳ್ಳಿ. ಬೆಂಗಳೂರು ಎಂದಷ್ಟೇ ಇದ್ದರೆ ಅಲ್ಲೇ ಹೇಳಿ ಬದಲಾಯಿಸಿ. ಐನೂರೋ ಸಾವಿರವೋ ರೂಪಾಯಿ ಉಳಿಸಲು ಬೇರೆಬೇರೆ ಕಂಪನಿಯ ಎರಡು ಟಿಕೆಟ್ ತೆಗೆದರೆ ಬೆಂಗಳೂರಿನಲ್ಲಿ ಹೊರಗೆ ಬರಬೇಕು, ಬ್ಯಾಗ್ ತೆಗೆದುಕೊಳ್ಳಬೇಕು, ಕಂಪನಿ ಬೇರೆಯಾದರೆ ಟರ್ಮಿನಲ್ 1 ರಿಂದ 2 ಕ್ಕೆ ಶಟಲ್ ಬಸ್ಸಿನಲ್ಲಿ ಹೋಗಬೇಕಾಗಲೂಬಹುದು, ಮತ್ತೆ ಚೆಕ್ ಇನ್, ಮತ್ತೆ ಭದ್ರತಾ ತಪಾಸಣೆ. ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಒಂದೇ ಟಿಕೆಟ್ ಆದರೆ ಎರಡು ಗಂಟೆಯ ಅಂತರ ಸಾಕು, ಬೇರೆ ಟಿಕೆಟ್ ಆದರೆ ನಾಲ್ಕು ಗಂಟೆಗೆ ಕಮ್ಮಿ ಬೇಡ.

ಹಾಗಾದರೆ ಒಟ್ಟು ಎಷ್ಟು ಹೊತ್ತು? ಮಂಗಳೂರು ಪೇಟೆಯ ಹಂಪನಕಟ್ಟೆಯಿಂದ ಕೆಂಜಾರಿಗೆ 40 ನಿಮಿಷ, ನಿಲ್ದಾಣದಲ್ಲಿ ಒಂದೂವರೆ ಗಂಟೆ, ಬೆಂಗಳೂರಿಗೆ 1 ಗಂಟೆ 10 ನಿಮಿಷ, ಅಲ್ಲಿ ಎರಡೂವರೆ ಗಂಟೆ, ಬಾಗ್ಡೋಗ್ರಾಕ್ಕೆ 2 ಗಂಟೆ 50 ನಿಮಿಷ, ಬ್ಯಾಗಿಗೆ ಅರ್ಧ ಗಂಟೆ. ಒಂಬತ್ತು ಗಂಟೆ ಹತ್ತು ನಿಮಿಷ. ಇದಕ್ಕಿಂತ ಅಗ್ಗದ ಇನ್ನೊಂದು ದಾರಿ, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ದಾಟಿ ಬೆಂಗಳೂರಿಗೆ ಬಂದು ಅಲ್ಲಿಂದ ನೇರ ವಿಮಾನ ಹಿಡಿಯುವುದು. ಬಸ್ಸಿಗೆ ಏಳೆಂಟು ಗಂಟೆ, ಮೆಜೆಸ್ಟಿಕ್‌ನಿಂದ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸಿಗೆ ಒಂದರಿಂದ ಒಂದೂವರೆ ಗಂಟೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಆಗ ಈ ದಾರಿ ಬೇಡ.

ಬಾಗ್ಡೋಗ್ರಾ ವಾಯುಪಡೆಯ ನೆಲೆ, ಪ್ರಯಾಣಿಕರ ಟರ್ಮಿನಲ್ ಅದರ ಒಂದು ಭಾಗ ಅಷ್ಟೇ. ಇಳಿಯುವಾಗ, ನಡೆದು ಬರುವಾಗ ಫೋಟೋ ತೆಗೆಯಬೇಡಿ. ಅಲ್ಲಿಂದ ಡಾರ್ಜಿಲಿಂಗ್ ಸುಮಾರು 70 ಕಿ.ಮೀ., ಮೂರು ಗಂಟೆ. ಗ್ಯಾಂಗ್‌ಟಾಕ್ ಸುಮಾರು 125 ಕಿ.ಮೀ., ನಾಲ್ಕರಿಂದ ಐದು ಗಂಟೆ, ತೀಸ್ತಾ ನದಿಯ ಪಕ್ಕದ ರಸ್ತೆ ಕುಸಿದಿದ್ದರೆ ಇನ್ನೂ ಹೆಚ್ಚು. ಕರಾವಳಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಸೂರ್ಯ. ಎರಡೂ ಕಡೆ ಗಡಿಯಾರ ಒಂದೇ, ಆದರೆ ಬಾಗ್ಡೋಗ್ರಾ 13.4 ಡಿಗ್ರಿ ಪೂರ್ವದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ 54 ನಿಮಿಷ ಮುಂದೆ. ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಕಿರಿದಾಗುವುದೂ ಸೇರಿ, ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಆರು ದಾಟಿದ ಮೇಲೆ ಮುಳುಗುವ ಸೂರ್ಯ ಸಿಲಿಗುರಿಯಲ್ಲಿ ನಾಲ್ಕೂ ಮುಕ್ಕಾಲಿಗೇ ಮುಳುಗಿರುತ್ತಾನೆ. ಮಧ್ಯಾಹ್ನ ಎರಡಕ್ಕೆ ಇಳಿದರೂ ಗ್ಯಾಂಗ್‌ಟಾಕಿನ ಕೊನೆಯ ಎರಡು ಗಂಟೆ ಕತ್ತಲಲ್ಲೇ. ಮೂರರ ನಂತರ ಇಳಿಯುವ ವಿಮಾನವಾದರೆ ಆ ರಾತ್ರಿ ಸಿಲಿಗುರಿಯಲ್ಲೇ ಉಳಿದು, ಬೆಳಿಗ್ಗೆ ಏಳಕ್ಕೆ ಶೇರ್ ಜೀಪ್ ಹಿಡಿಯಿರಿ.